ಅತ್ತೆಯ ಮಂಟಪಕ್ಕೆ ತಾಗಿಸಿದ ದಬ್ಬಳ

ನನ್ನ ಸೋದರತ್ತೆಯವರ ಬಳಿ ಒಂದು ಮಂಟಪವಿತ್ತು. ಎತ್ತರ ಒಂದು ಗೇಣಿಗಿಂತ ನಾಲ್ಕು ಬೆರಳು ಹೆಚ್ಚು. ಕರಿಮರದ ಪೀಠ, ಅದರ ಮೇಲೆ ನುಣ್ಣಗೆ ಕಡೆದು ನಿಲ್ಲಿಸಿದ ನಾಲ್ಕು ಬಿಳಿಯ ಕಂಬಗಳು, ಕಂಬಗಳ ಮೇಲೆ ಜಾಲರಿಯಂತೆ ಕೊರೆದ ಚಾವಣಿ, ಚಾವಣಿಯ ನಾಲ್ಕು ಮೂಲೆಗಳಲ್ಲಿ ಕೊಕ್ಕು ಬಾಗಿಸಿ ಕುಳಿತ ನಾಲ್ಕು ಗಿಳಿಗಳು. ಬಿಳಿ ಎಂದೆನಾದರೂ ನಾನು ಕಂಡಂದಿನಿಂದ ಅದು ಬಿಳಿಯಾಗಿರಲಿಲ್ಲ. ಎಷ್ಟೋ ಕಾಲದ ದೀಪದ ಹೊಗೆ ಕುಡಿದು ಅದು ಹಳೆಯ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಅತ್ತೆಯವರು ಪ್ರತಿ ಸೋಮವಾರ ಒದ್ದೆಯ ಮಲ್ಲು ಬಟ್ಟೆಯಿಂದ ಒಂದೊಂದು ಗಿಳಿಯ ರೆಕ್ಕೆಯನ್ನೂ ಒರೆಸಿ, ಬಿಸಿಲು ತಾಗದಂತೆ ನಡುಮನೆಯ ನೆರಳಿನಲ್ಲಿ ಆರಿಸಿ, ಮತ್ತೆ ದೇವರ ಕೋಣೆಯೊಳಗಿಟ್ಟು, ಅದರೊಳಗೆ ಮನೆದೇವರಾದ ಶಿವಲಿಂಗವನ್ನು ಕೂರಿಸುತ್ತಿದ್ದರು.

ಆ ಮಂಟಪ ನಮ್ಮ ಮನೆಯದಲ್ಲ. ಪಿರಿಯಾಪಟ್ಟಣದ ಕಡೆಯ ನನ್ನ ಅಜ್ಜಿಯ ತವರಿನಲ್ಲಿ ಅದು ತಾಯಿಯಿಂದ ಮಗಳಿಗೆ ಬರುತ್ತಿದ್ದ ವಸ್ತು. ಅಜ್ಜಿ ಅದನ್ನು ತಮ್ಮ ಒಬ್ಬಳೇ ಮಗಳಾದ ಅತ್ತೆಯವರಿಗೆ ಮದುವೆಯಲ್ಲಿ ಕೊಟ್ಟರು. ಅತ್ತೆಯವರನ್ನು ಕೊಟ್ಟದ್ದು ಹೆಗ್ಗಡದೇವನಕೋಟೆಯ ಕಾಡಂಚಿನ ಒಂದು ಹಳ್ಳಿಗೆ. ಎರಡನೆಯ ವರ್ಷ ಅವರ ಯಜಮಾನರು ಚಳಿಜ್ವರದಲ್ಲಿ ತೀರಿಕೊಂಡರು. ಒಂದು ತಗಡಿನ ಪೆಟ್ಟಿಗೆಯನ್ನೂ ಬಟ್ಟೆಯಲ್ಲಿ ಸುತ್ತಿದ ಈ ಮಂಟಪವನ್ನೂ ತೆಗೆದುಕೊಂಡು ಅತ್ತೆಯವರು ತಮ್ಮನ ಮನೆಗೆ, ಅಂದರೆ ಹುಣಸೂರಿಗೂ ಕೃಷ್ಣರಾಜನಗರಕ್ಕೂ ನಡುವೆ ಲಕ್ಷ್ಮಣತೀರ್ಥದ ದಡದಲ್ಲಿದ್ದ ನಮ್ಮ ಮನೆಗೆ ಬಂದರು. ನಾನು ಹುಟ್ಟುವ ಹೊತ್ತಿಗೆ ಅವರು ಬಂದು ಇಪ್ಪತ್ತು ವರ್ಷಗಳಾಗಿದ್ದವು.

ಗಂಡನನ್ನು ಕಳೆದುಕೊಂಡ ಹೆಂಗಸು ಅಂದಿನ ಮನೆಗಳಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಹಸೆಯ ಮುಂದೆ ಅವರು ಬರುವಂತಿಲ್ಲ, ಬೀಗರು ಬಂದಾಗ ಪಡಸಾಲೆಗೆ ಬರುವಂತಿಲ್ಲ, ಯಾರಾದರೂ ಊರಿಗೆ ಹೊರಟರೆ ಎದುರಿಗೆ ಬರುವಂತಿಲ್ಲ. ಅವರು ತಲೆಯೆತ್ತಿ ನಡೆಯಬಹುದಾಗಿದ್ದ ಜಾಗ ಇಡೀ ಮನೆಯಲ್ಲಿ ಒಂದೇ: ದೇವರ ಕೋಣೆ. ಮಂಟಪ ಅವರದು, ಆದ್ದರಿಂದ ಅದನ್ನು ಸಿಂಗರಿಸುವ ಕೆಲಸವೂ ಅವರದು ಎಂದು ಅಜ್ಜಿ ಬದುಕಿರುವಾಗಲೇ ಕಟ್ಟು ಮಾಡಿದ್ದರು. ಬೆಳಗಿನ ಜಾವ ಮಿಂದು, ಪತ್ರೆ ಕೊಯ್ದು ತಂದು, ದೀಪ ಹಚ್ಚಿ, ಲಿಂಗವನ್ನು ಮಂಟಪದಲ್ಲಿಟ್ಟು ಅವರು ಹೊರಬಂದ ಮೇಲೆಯೇ ನನ್ನ ತಂದೆಯವರು ಪೂಜೆಗೆ ಕೂರುತ್ತಿದ್ದುದು. ಅಷ್ಟು ಹೊತ್ತು ಮಾತ್ರ ಮನೆಯ ಯಜಮಾನರು ಅಕ್ಕನಿಗಾಗಿ ಬಾಗಿಲಾಚೆ ನಿಂತು ಕಾಯುತ್ತಿದ್ದರು. ಆ ಒಂದು ಗಳಿಗೆಯ ಮೇಲೆ ಅವರ ಇಡೀ ಬಾಳು ನಿಂತಿತ್ತು. ಅದನ್ನು ಕಿತ್ತವನು ನಾನು.

ನಾನು ಮೈಸೂರಿನ ಮಠವೊಂದರ ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದೆ. ಐವತ್ತರ ದಶಕದ ನಡುವಿನ ವರ್ಷಗಳು. ಹತ್ತೊಂಬತ್ತು ತುಂಬಿತ್ತು. ಐದು ವರ್ಷಗಳ ಪಾಠ ನಾಲಗೆಯ ತುದಿಯಲ್ಲಿತ್ತು. ನಾಲಗೆಯಿಂದ ಒಳಕ್ಕೆ ಇನ್ನೂ ಇಳಿದಿರಲಿಲ್ಲ. ಆ ಶ್ರಾವಣದಲ್ಲಿ ಮಠದ ಸ್ವಾಮಿಗಳು ನಮ್ಮ ಮನೆಗೆ ಪಾದಪೂಜೆಗೆ ದಯಮಾಡಿಸುವವರಿದ್ದರು. ತಂದೆಯವರಿಗೆ ಅದು ಹುಟ್ಟಿದಂದಿನಿಂದ ಕಟ್ಟಿಕೊಂಡ ಆಸೆ. ಹೊಗೆಸೊಪ್ಪಿನ ಮೂಟೆಗಳನ್ನೆಲ್ಲ ಪಡಸಾಲೆಯಿಂದ ಸಾಗಿಸಿ, ಗೋಡೆಗೆ ಸುಣ್ಣ ಹೊಡೆಸಿ, ನನ್ನನ್ನು ಕರೆದರು.

"ಸ್ವಾಮಿಗಳು ಒಳಗ್ಬಂದು ಕೂತ್ಕೊಳ್ಳೋ ಜಾಗ ಕಣೋ. ನೀನು ಓದಿದೋನು. ಒಂದೊಂದು ಸಾಮಾನೂ ಕೈಯಲ್ಲಿಡ್ದು ನೋಡು. ನಾಳೆ ಯಾರೂ ಒಂದು ಮಾತು ಆಡಬಾರದು."

ನಾನು ನೋಡಿದೆ. ಬೆಸುಗೆ ಹಾಕಿದ ಕಂಚಿನ ದೀಪ ಬೇಡವೆಂದೆ. ಅಂಚು ಹರಿದ ಚಾಪೆ ಬೇಡವೆಂದೆ. ಹೀಗೆ ನಾಲ್ಕು ಸಲ ಬೇಡವೆಂದಾಗ ನಾಲ್ಕು ಸಲವೂ ತಂದೆಯವರು ತಲೆಯಾಡಿಸಿದರು. ಮಾತು ನಡೆಯತೊಡಗಿದಾಗ ಆಡುವವನಿಗೆ ಹುಟ್ಟುವ ಒಂದು ಮದವಿದೆ. ಅದು ನನ್ನ ತಲೆಗೇರಿತ್ತು. ಆಗ ಮಂಟಪವನ್ನು ಕೈಗೆತ್ತಿಕೊಂಡೆ.

ಮೈಸೂರಿನಲ್ಲಿ ಅರಮನೆಯ ಹೊರಬೀದಿಯ ಅಂಗಡಿಯೊಂದರಲ್ಲಿ ನಾನು ಒಂದು ನೋಟ ಕಂಡಿದ್ದೆ. ಅಂಗಡಿಯವನು ಗಿರಾಕಿಯ ಮುಂದೆ ಸೂಜಿಯೊಂದನ್ನು ಕೆಂಪಗೆ ಕಾಯಿಸಿ ಬಿಳಿಯ ಬೊಂಬೆಯ ಅಡಿಗೆ ತಾಗಿಸಿದ. ಹೊಗೆಯೆದ್ದಿತು. ಗಿರಾಕಿ ಮೂಸಿ ನೋಡಿ ಏನೋ ತೀರ್ಮಾನಕ್ಕೆ ಬಂದ. ದಂತವೆಂದು ಹೇಳಿ ಬೇರೆ ಏನೇನನ್ನೋ ಮಾರುತ್ತಾರೆ, ಮೂಳೆಯನ್ನೂ ಮಾರುತ್ತಾರೆ, ಆದ್ದರಿಂದ ಈ ಪರೀಕ್ಷೆ ಎಂದು ಪಕ್ಕದಲ್ಲಿ ನಿಂತಿದ್ದವರು ಹೇಳಿದರು. ನಾನು ಪರೀಕ್ಷೆಯನ್ನು ನೋಡಿದ್ದೆ. ಯಾವ ವಾಸನೆ ಬಂದರೆ ಯಾವ ವಸ್ತು ಎಂದು ಕೇಳಿ ತಿಳಿಯುವಷ್ಟು ವಿನಯ ನನ್ನಲ್ಲಿರಲಿಲ್ಲ.

"ಇದು ದಂತವೇ ಅಂತ ಯಾರು ಹೇಳಿದ್ದು ಅತ್ತೆ?" ಎಂದೆ.

ಅತ್ತೆಯವರು ಬತ್ತಿ ಹೊಸೆಯುತ್ತಿದ್ದರು. "ಯಾರೇಳಬೇಕು? ನಮ್ಮವ್ವ ಏಳಿದ್ಲು. ಅವಳಿಗೆ ಅವರವ್ವ ಏಳಿದ್ಲು."

"ಅವರು ಯಾರಾದರೂ ಪರೀಕ್ಷೆ ಮಾಡಿದ್ದರೋ?"

"ಮೊಲೆಹಾಲು ಕುಡಿಯೋವಾಗ ನೀನು ನಿಮ್ಮವ್ವನ್ನ ಪರೀಕ್ಷೆ ಮಾಡಿ ಕುಡುದ್ಯೇನ್ಲಾ?"

ಅಡುಗೆಮನೆಯಲ್ಲಿ ನನ್ನ ತಾಯಿ ಕಿಸಕ್ಕನೆ ನಕ್ಕರು. ಆ ನಗು ನನಗೆ ತಾಗಿತು. ಮೂಟೆ ಹೊಲಿಯುವ ಉದ್ದನೆಯ ಸೂಜಿ, ನಮ್ಮ ಕಡೆ ದಬ್ಬಳವೆನ್ನುವುದು, ಪಡಸಾಲೆಯ ಗೂಟದಲ್ಲಿ ಸಿಕ್ಕಿಸಿತ್ತು. ಅದನ್ನು ಒಲೆಯ ಕೆಂಡದಲ್ಲಿಟ್ಟು ಕಾಯಿಸಿ ತಂದು, ಅತ್ತೆಯವರು "ಬ್ಯಾಡ ಕಣೋ, ಬ್ಯಾಡ" ಎನ್ನುತ್ತಿರುವಾಗಲೇ, ಒಂದು ಕಂಬದ ತುದಿಗೆ ಒತ್ತಿದೆ.

ಎಳೆಯ ಕರುವಿನ ಕೊಂಬು ಸುಟ್ಟಾಗ ಬರುವಂಥ ವಾಸನೆ ದೇವರ ಕೋಣೆಯನ್ನೆಲ್ಲ ತುಂಬಿತು.

ಇಲ್ಲಿ ನನ್ನ ತರ್ಕವನ್ನು ಮುಚ್ಚಿಡದೆ ಹೇಳಬೇಕು. ಆನೆಯ ದಂತ ಮಂಗಳವಸ್ತು, ಗಣಪತಿಯ ಕೈಯಲ್ಲಿರುವಂಥದ್ದು, ಮಂಗಳವಾದದ್ದು ನಾರಲಾರದು. ನಾರುವುದು ಮೂಳೆ. ಆದ್ದರಿಂದ ಇದು ಮೂಳೆ. ಐದು ವರ್ಷ ತರ್ಕಶಾಸ್ತ್ರದ ಹೊಸ್ತಿಲಲ್ಲಿ ಕುಳಿತವನು ಕಟ್ಟಿದ ಅನುಮಾನ ಇದು. ದಂತವೆಂದರೆ ಹಲ್ಲು ಎಂಬ ಮೊದಲನೆಯ ತರಗತಿಯ ಪಾಠ ಆ ಹೊತ್ತಿನಲ್ಲಿ ನನಗೆ ನೆನಪಾಗಲಿಲ್ಲ.

ತಂದೆಯವರು ಒಳಬಂದರು. "ಏನ್ಲಾ ಅದು ನಾತ?"

"ಮೂಳೆ ಅಪ್ಪಯ್ಯ. ಇಷ್ಟು ವರ್ಷ ನಾವು ಶಿವನನ್ನು ಮೂಳೆಯ ನಡುವೆ ಕೂರಿಸಿದ್ದೇವೆ."

ತಂದೆಯವರ ಮುಖ ಕಪ್ಪಿಟ್ಟಿತು. ಅತ್ತೆಯವರು ಕೈಯಲ್ಲಿದ್ದ ಹತ್ತಿಯನ್ನು ನೆಲಕ್ಕಿಟ್ಟರು. ಅವರು ಅಳಲಿಲ್ಲ. ವಾದಕ್ಕೆ ನಿಂತರು.

"ಶಂಖ ಏನು ಮರದಲ್ಲಿ ಬುಡ್ತದಾ? ಅದರೊಳಗೂ ಒಂದು ಜೀವ ಇರ್ನಿಲ್ವಾ? ನಿಮ್ಮಪ್ಪ ಉಟ್ಕೊಂಡಿರೋ ರೇಷ್ಮೆ ಮಡಿ, ಉಳಾನ ಬೇಯ್ಸಿ ತೆಗೆದಿದ್ದು ಕಣೋ."

"ಅದಕ್ಕೆಲ್ಲ ಶಾಸ್ತ್ರದ ಸಮ್ಮತಿ ಇದೆ ಅತ್ತೆ."

"ಇದಕ್ಕಿಲ್ವಾ?"

"ಇಲ್ಲ."

ಇಲ್ಲ ಎಂದುಬಿಟ್ಟೆ. ಆ ಭಾಗ ನಮಗೆ ಇನ್ನೂ ಪಾಠವೇ ಆಗಿರಲಿಲ್ಲ. ಮರುವರ್ಷ ಆಯಿತು. ಶಂಖ, ಕೊಂಬು, ಮೂಳೆ, ದಂತ ಇವು ನಾಲ್ಕನ್ನೂ ಪೂರ್ವಿಕರು ಒಂದೇ ಸಾಲಿನಲ್ಲಿ ಕೂರಿಸಿ, ನಾಲ್ಕಕ್ಕೂ ಬಿಳಿಸಾಸಿವೆಯ ಅರೆಪಿನಿಂದ ಒಂದೇ ಬಗೆಯ ಶುದ್ಧಿಯನ್ನು ಹೇಳಿದ್ದಾರೆ. ಅದು ಮೂಳೆಯೇ ಆಗಿದ್ದರೂ ಒಂದು ಹಿಡಿ ಸಾಸಿವೆಯಿಂದ ಮುಗಿಯುವ ಮಾತಾಗಿತ್ತು. ಗುರುಗಳು ಅದನ್ನು ಪಾಠ ಹೇಳುತ್ತಿದ್ದ ದಿನ ನಾನು ತಲೆ ತಗ್ಗಿಸಿ ಕುಳಿತಿದ್ದೆ. ಗಮನವಿಟ್ಟು ಕೇಳುತ್ತಿದ್ದೇನೆಂದು ಅವರು ಮೆಚ್ಚಿಕೊಂಡರು.

ಮಂಟಪವನ್ನು ಹೊಳೆಗೆ ಬಿಡಬೇಕೆಂದು ತಂದೆಯವರು ಹೇಳಿದರು. ಅತ್ತೆಯವರು ಅದನ್ನು ಎರಡು ಕೈಯಲ್ಲೂ ಹಿಡಿದು, "ನಿಮ್ಮ ದೇವ್ರ ಕ್ವಾಣೆ ನಿಮಗಿರ್ಲಿ. ಇದು ನಮ್ಮವ್ವಂದು. ಕೊಟ್ಗೇಲಿಟ್ಕೊತೀನಿ, ಬುಡು" ಎಂದರು. ತಂದೆಯವರು ಬಿಟ್ಟರು. ಅಷ್ಟಕ್ಕೆ ನಿಂತಿದ್ದರೂ ಆಗುತ್ತಿತ್ತು. ಆದರೆ ನಾನು ಇನ್ನೊಂದು ಮಾತು ಸೇರಿಸಿದೆ: ಇಷ್ಟು ವರ್ಷ ಮೂಳೆಯನ್ನು ಮುಟ್ಟಿದ ಕೈಯಿಂದ ಸ್ವಾಮಿಗಳು ಬಂದುಹೋಗುವವರೆಗೆ ಪೂಜೆಯ ಸಾಮಗ್ರಿ ಮುಟ್ಟುವುದು ಬೇಡ. ಅತ್ತೆಯವರು ನನ್ನನ್ನು ನೋಡಿದರು. ಮಂಟಪವನ್ನೆತ್ತಿಕೊಂಡು ಹೊರನಡೆದರು. ಮರುದಿನ ಬೆಳಗ್ಗೆ ಪತ್ರೆ ಕೊಯ್ದವರು ನನ್ನ ತಾಯಿ.

ಸ್ವಾಮಿಗಳು ಬಂದರು. ಅವರ ಪಾದದ ಧೂಳಿಯಿಂದ ನಮ್ಮ ಮನೆ ಪಾವನವಾಯಿತೆಂದು ಇಂದಿಗೂ ನಂಬಿದ್ದೇನೆ. ಪೂಜೆಯಾದ ಮೇಲೆ ತಂದೆಯವರು ಹೆಮ್ಮೆಯಿಂದ ನನ್ನ ಪರೀಕ್ಷೆಯ ಕಥೆಯನ್ನು ಅರಿಕೆ ಮಾಡಿಕೊಂಡರು. ಸ್ವಾಮಿಗಳು ಎಲ್ಲವನ್ನೂ ಕೇಳಿ, "ಮಂಟಪ ಯಾರದಾಗಿತ್ತು?" ಎಂದರು.

"ನಮ್ಮಕ್ಕಂದು ಬುದ್ಧಿ."

"ಅವರೆಲ್ಲಿ?"

"ಇತ್ತಲಲ್ಲವ್ರೆ ಬುದ್ಧಿ. ಎಲೆ ಒರೆಸ್ತಾವ್ರೆ."

ಸ್ವಾಮಿಗಳು ಹಿತ್ತಲ ಬಾಗಿಲಿನ ಕಡೆಗೆ ನೋಡಿದರು. ಕರೆಯಿರಿ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳದೆ ತಿಳಿಯಬೇಕಾದದ್ದು ನಮಗೆ ತಿಳಿಯಲಿಲ್ಲ. ಪ್ರಸಾದವನ್ನು ಅತ್ತೆಯವರಿಗೆ ಹಿತ್ತಲ ಬಾಗಿಲಿನಿಂದ ಬಾಳೆಲೆಯ ತುಂಡಿನಲ್ಲಿ ಕೊಟ್ಟವನು ನಾನೇ.

ಸ್ವಾಮಿಗಳು ಬಂದುಹೋದ ಮೇಲೂ ಹಳೆಯ ಏರ್ಪಾಡು ಮರಳಲಿಲ್ಲ. ಯಾರೂ ಬೇಡವೆನ್ನಲಿಲ್ಲ, ಯಾರೂ ಬಾ ಎನ್ನಲೂ ಇಲ್ಲ. ಅತ್ತೆಯವರು ಕೊಟ್ಟಿಗೆಯ ಮೂಲೆಯಲ್ಲಿ ಒಂದು ಹಲಗೆ ಹಾಕಿ, ಮಂಟಪವನ್ನು ಅದರ ಮೇಲಿಟ್ಟು, ಒಳಗೆ ಹೊಳೆಯಿಂದ ತಂದ ಒಂದು ನುಣುಪುಗಲ್ಲನ್ನು ಕೂರಿಸಿ, ದನಗಳ ಉಸಿರಿನ ನಡುವೆ ತಮ್ಮ ಪೂಜೆ ಮಾಡಿಕೊಳ್ಳತೊಡಗಿದರು.

ಕಾರ್ತಿಕದಲ್ಲಿ ನಾನು ಮತ್ತೆ ಊರಿಗೆ ಬಂದಾಗ ಅವರು ಒಂದು ಬಟ್ಟೆಯ ಗಂಟನ್ನು ನನ್ನ ಮುಂದಿಟ್ಟರು. ಕರು ಹಲಗೆಗೆ ಹಾಯ್ದು, ನಾನು ಸುಟ್ಟಿದ್ದ ಕಂಬವೇ ನಡುವಿಗೆ ಮುರಿದಿತ್ತು.

"ಮೂಳೆನೋ ಮಣ್ಣೋ, ಇದನ್ನ ಜೋಡಿಸ್ಕೊಂಡು ಬಾ ಮಗ. ಮೂರು ಕಾಲಲ್ಲಿ ಕುಂಟ್ಕೊಂಡು ನಿಂತದೆ ಅದು. ನೋಡಕಾಗ್ದು."

ನನ್ನೊಡನೆ ಅವರು ಶ್ರಾವಣದಿಂದೀಚೆಗೆ ಆಡಿದ ಮೊದಲ ಮಾತು ಅದು. ಹುಣಸೂರಿನ ಮರದ ಡಿಪೋದ ಹಿಂದಿನ ಬೀದಿಯಲ್ಲಿ, ಬೀಟೆಯ ಹಲಗೆಯಲ್ಲಿ ಬಿಳಿಯ ಬಳ್ಳಿ, ನವಿಲುಗಳನ್ನು ಕೂರಿಸುವ ಕೆಲಸ ಮಾಡುತ್ತಿದ್ದ ಸಾಬರೊಬ್ಬರಿದ್ದರು. ತುಂಬ ವಯಸ್ಸಾದವರು. ನಾನು ಗಂಟು ಬಿಚ್ಚಿದೆ. ಅವರು ಕಂಬದ ತುಂಡನ್ನು ಕನ್ನಡಕದ ಹತ್ತಿರ ಹಿಡಿದು ಮೊದಲು ನೋಡಿದ್ದು ತುದಿಯ ಕಪ್ಪು ಚುಕ್ಕೆಯನ್ನು.

"ಇದ್ಯಾರು ಸ್ವಾಮಿ ಸುಟ್ಟಿರೋದು?"

"ಪರೀಕ್ಷೆ ಮಾಡಿದ್ದು. ಮೂಳೆ ಅಂತ ಗೊತ್ತಾಯಿತು."

"ಹೆಂಗೆ ಗೊತ್ತಾಯ್ತು?"

"ನಾತ ಬಂತು."

ಅವರು ನಕ್ಕರು. ಹಲ್ಲು ಹೆಚ್ಚಿಲ್ಲದ ಬಾಯಿ. "ಅಲ್ಲ ಸ್ವಾಮಿ, ಆನೆ ಹಲ್ಲು ಸುಟ್ರೆ ಮಲ್ಲಿಗೆ ವಾಸ್ನೆ ಬರ್ತದಾ? ನನ್ನ ಹಲ್ಲು ಸುಟ್ರೂ ಇದೇ ನಾತ, ನಿಮ್ದು ಸುಟ್ರೂ ಇದೇ ನಾತ. ಈಗ ಬಂದಿದ್ಯಲ್ಲ, ಬಾಚಣಿಗೆ ಮಾಡೋ ಹೊಸಾ ಮಾಲು, ಅದನ್ನ ಹಿಡ್ಯೋಕೆ ಮಾತ್ರ ಬಿಸಿ ಸೂಜಿ. ಅದು ಕರಗ್ತದೆ. ದಂತಾನೂ ಕರಗಲ್ಲ, ಮೂಳೇನೂ ಕರಗಲ್ಲ. ಅವೆರಡನ್ನ ಬೇರೆ ಮಾಡೋಕೆ ಕಣ್ಣು ಬೇಕು. ಬನ್ನಿ ಈ ಕಡೆ."

ಕಂಬ ಮುರಿದ ಅಡ್ಡಮೈಯನ್ನು ನಯವಾದ ಅರದಿಂದ ಎರಡು ಸಲ ಉಜ್ಜಿ, ಎಂಜಲು ಬೆರಳಿನಿಂದ ಒರೆಸಿ, ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದರು. ನೂಲಿಗಿಂತ ಸಣ್ಣನೆಯ ಗೆರೆಗಳು ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಬಾಗಿ ಹಾಯ್ದು, ಮೊರದ ಹೆಣಿಗೆಯಂತೆ ಒಂದನ್ನೊಂದು ದಾಟಿದ್ದವು. ಆಮೇಲೆ ಕೆಲಸದ ಮಣೆಯ ಕೆಳಗಿನಿಂದ ಎಮ್ಮೆಯ ಮೂಳೆಯ ಒಂದು ತುಂಡನ್ನು ತೆಗೆದು ಪಕ್ಕದಲ್ಲಿಟ್ಟರು. ಅದರಲ್ಲಿ ಹೆಣಿಗೆಯಿರಲಿಲ್ಲ, ಸೂಜಿಯಿಂದ ಚುಚ್ಚಿದಂಥ ಕಪ್ಪು ಚುಕ್ಕೆಗಳಿದ್ದವು. ರಕ್ತ ಹರಿದ ದಾರಿಗಳವು ಎಂದರು. ಮಗುವಿಗೂ ತಿಳಿಯುವಂಥ ವ್ಯತ್ಯಾಸ. ಅಂದು ಕಂಬವನ್ನು ಪೀಠದ ಕುಳಿಯಿಂದ ಒಮ್ಮೆ ಮೇಲಕ್ಕೆಳೆದು ಅದರ ಬುಡವನ್ನು ನೋಡಿದ್ದರೆ ಸಾಕಾಗಿತ್ತು. ಬೆಂಕಿಯೇ ಬೇಕಿರಲಿಲ್ಲ.

"ಇದರ ಬೆಲೆ?" ಎಂದು ಕೇಳಿದೆ. ಯಾಕೆ ಕೇಳಿದೆನೋ ಇಂದಿಗೂ ತಿಳಿಯದು.

"ಈ ಥರ ಕಂಬ ಕಡೆಯೋ ಕೈ ಈಗಿಲ್ಲ ಸ್ವಾಮಿ. ನಮ್ಮ ಉಸ್ತಾದ್ ಕೈಲೂ ಆಗ್ತಿರ್ಲಿಲ್ಲ. ಉಳಿದಿದ್ದೂ ಇಂಥದ್ದೇ ಆದ್ರೆ, ನನ್ನ ಅಂಗ್ಡಿ, ನನ್ನ ಮನೆ, ಎರಡೂ ಕೊಟ್ರೂ ಸರಿ ಹೋಗಲ್ಲ. ಮನೇಲಿ ಹುಷಾರಾಗಿಟ್ಕೊಳ್ಳಿ. ಯಾರ್ಗೂ ಹೇಳ್ಬೇಡಿ."

ಒಳಗೆ ಸಣ್ಣ ಮೊಳೆಯಂತೆ ದಂತದ್ದೇ ಒಂದು ಕಡ್ಡಿಯಿಟ್ಟು ಅವರು ಕಂಬವನ್ನು ಕೂಡಿಸಿದರು. ಬೆಸೆದ ಜಾಗ ಉಗುರಿಗೂ ಸಿಗುತ್ತಿರಲಿಲ್ಲ.

ಯಾರಿಗೂ ಹೇಳಬೇಡಿ ಎಂಬ ಆ ಮಾತನ್ನು ನಾನು ಕೇಳಬೇಕಾಗಿತ್ತು. ಆದರೆ ಬಸ್ಸಿನಲ್ಲಿ ಕುಳಿತವನಿಗೆ ಒಂದೇ ಯೋಚನೆ: ಈಗಲೇ ಹೋಗಿ ಸತ್ಯವನ್ನು ಹೇಳಿದರೆ ನಾಳೆ ಬೆಳಗ್ಗೆಯಿಂದ ಅತ್ತೆಯವರು ದೇವರ ಕೋಣೆಗೆ ಮರಳುತ್ತಾರೆ, ನನ್ನ ಪಾಪ ಅಲ್ಲಿಗೆ ತೊಳೆದುಹೋಗುತ್ತದೆ. ನನ್ನ ಪಾಪದ ಮೇಲೆ ನನಗೆ ಅಷ್ಟೊಂದು ಆತುರ. ಅಂಗಳದಲ್ಲೇ ತಂದೆಯವರು ಸಿಕ್ಕರು. ಎಲ್ಲವನ್ನೂ ಹೇಳಿದೆ. ಗೆರೆಗಳ ಹೆಣಿಗೆಯನ್ನು ಹೇಳಿದೆ, ಕಂಬ ಕಡೆದ ಕೈಯನ್ನು ಹೇಳಿದೆ, ಸಾಬರು ತಮ್ಮ ಮನೆಯನ್ನೂ ಅಂಗಡಿಯನ್ನೂ ಅದರ ಮುಂದೆ ತೂಗಿದ್ದನ್ನೂ ಹೇಳಿದೆ. ತಂದೆಯವರು ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿಸಿದರು. ಆಮೇಲೆ ನೇರವಾಗಿ ಕೊಟ್ಟಿಗೆಗೆ ನಡೆದರು.

"ಅಕ್ಕ, ಅದನ್ನಿತ್ತ ಕೊಡು."

"ಯಾಕೆ?"

"ದಂತವಂತೆ."

"ಅದು ನಂಗೊತ್ತಿರೋ ಇಸ್ಯ. ನಿಂಗ್ಯಾಕೆ ಬೇಕು?"

"ದನದ ಕೊಟ್ಗೇಲಿಡೋ ಸಾಮಾನಾ ಅದು? ಮನೆ ಒಳಗಿರ್ಬೇಕು. ಪೆಟ್ಟಿಗೇಲಿಟ್ಟು ಬೀಗ ಆಕ್ತೀನಿ."

ಅತ್ತೆಯವರು ಹಲಗೆಗೆ ಅಡ್ಡವಾಗಿ ನಿಂತಿದ್ದರು. "ಅದು ಒಳಗೆ ಬರ್ಲಿ. ಸರಿ. ನಾನು?"

"ನೀನೇನು?"

"ನಾನೂ ಒಳಕ್ಕೆ ಬರ್ಲಾ, ಇಲ್ಲಾ ಇಲ್ಲೇ ಇರ್ಲಾ?"

ತಂದೆಯವರು ಹಲಗೆಯ ಕಡೆಗೆ ಕೈ ಚಾಚಿದರು. ಅವರು ಕೆಟ್ಟವರಾಗಿರಲಿಲ್ಲ. ಆದರೆ ಮೂರು ತಿಂಗಳಿನಿಂದ ಅವರು ಯಾರಿಗಾಗಿಯೂ ಬಾಗಿಲಾಚೆ ನಿಂತು ಕಾದಿರಲಿಲ್ಲ; ಆ ಸಲೀಸು ಅವರಿಗೆ ಒಗ್ಗಿಹೋಗಿತ್ತು. ಮಂಟಪದೊಳಗಿನ ನುಣುಪುಗಲ್ಲನ್ನು ತೆಗೆದು ಹಲಗೆಯ ಮೇಲಿಟ್ಟು, ಮಂಟಪವನ್ನು ಎತ್ತಿಕೊಂಡು ಹೋದರು. ನಾನು ಜೋಡಿಸಿಕೊಂಡು ಬಂದ ಕಂಬ ನನ್ನ ಕೈಯಲ್ಲೇ ಇತ್ತು. ಅದನ್ನೂ ಕೇಳಿ ತೆಗೆದುಕೊಂಡರು.

ಮರುವರ್ಷದ ಶ್ರಾವಣದಲ್ಲಿ ಮಂಟಪ ಮಠಕ್ಕೆ ಕಾಣಿಕೆಯಾಗಿ ಹೋಯಿತು. ಮನೆತನದ ಹೆಸರಿನಲ್ಲಿ. ಅದು ಗುರುಸನ್ನಿಧಿಗೆ ಸೇರಿದ್ದು ನನಗೆ ದುಃಖದ ಮಾತಲ್ಲ. ಅಂಥ ವಸ್ತುವಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕೊಟ್ಟವರು ಯಾರು ಎಂದು ಮಠದಲ್ಲಿ ಕಾಣಿಕೆ ಬರೆದುಕೊಳ್ಳುವವರು ಕೇಳಿದಾಗ ತಂದೆಯವರು ತಮ್ಮ ಹೆಸರನ್ನೂ ನನ್ನ ಹೆಸರನ್ನೂ ಹೇಳಿದರು. ತಟ್ಟೆ ಹಿಡಿದು ನಿಂತಿದ್ದವನು ನಾನು. ತಿದ್ದಲಿಲ್ಲ.

ಹೊರಡುವ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಒದ್ದೆ ಮಡಿಯಲ್ಲೇ ಕೊಟ್ಟಿಗೆಗೆ ಹೋಗಿದ್ದೆ. ಅತ್ತೆಯವರು ಕಲಗಚ್ಚಿನ ಬಾನಿಯ ಪಕ್ಕದಲ್ಲಿ ಕುಳಿತು ಹಸುವಿಗೆ ಹಿಂಡಿ ಕಲಸುತ್ತಿದ್ದರು. ಮಂಟಪ ಇವತ್ತು ಹೋಗುತ್ತದೆ ಎಂದೆ. ತಿಳಿಯದೆ ಮಾಡಿದೆ ಎಂದೆ. ಅದು ದಂತವೆಂದು ಈಗ ಊರಿಗೆಲ್ಲ ತಿಳಿಯಿತು, ಅಜ್ಜಿಯ ಮಾತು ಸುಳ್ಳಾಗಲಿಲ್ಲ ಎಂದೆ. ಅವರು ಕೈ ನಿಲ್ಲಿಸದೆ ಕೇಳಿಸಿಕೊಂಡರು.

"ನೀನು ಮೂಳೆ ಅಂದಾಗ ನಂಗೇನೂ ಅಂಥಾ ಸಂಕಟ ಆಗ್ನಿಲ್ಲ ಕಣಪ್ಪ. ಹುಡ್ಗ, ಗೊತ್ತಿಲ್ದೆ ಅಂದ ಅಂದ್ಕೊಂಡೆ. ಮೂಳೆ ಆಗಿದ್ದಾಗ ಅದು ನನ್ನತ್ರ ಇತ್ತಲ್ಲೋ. ಅಂಗೇ ಇರ್ಲಿ ಅಂತ ಬುಡಬಾರ್ದಾಗಿತ್ತಾ?"

ನಾನು ಅವರ ಕಾಲಿಗೆ ಬೀಳಲು ಬಗ್ಗಿದೆ. ಅವರು ಎರಡೂ ಪಾದಗಳನ್ನು ಸರಕ್ಕನೆ ಸೀರೆಯೊಳಕ್ಕೆ ಎಳೆದುಕೊಂಡರು.

"ಮುಟ್ಬೇಡ. ಮಡೀಲಿದ್ದೀಯೆ. ವೊತ್ತಾಯ್ತು, ನಿಮ್ಮಪ್ಪ ಕಾಯ್ತಾವ್ನೆ, ಓಗು" ಎಂದು ಬಾನಿಯನ್ನು ಹಸುವಿನ ಕಡೆಗೆ ತಳ್ಳಿದರು.